ರಾಶಿ ನುಂಗಿದ ಉಂಗುರ

ಗ್ಲೆನ್ನಾ ಬೆಕ್ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮದುವೆ ಎಲ್ಲರ ಮದುವೆಯಂತೆ ತೆಪ್ಪಗೆ ಆಗಿಹೋಗುತ್ತಿತ್ತು. ಆದರೆ ಬಾಯಿ ಮುಚ್ಚುವುದು ಅವಳ ಹುಟ್ಟುಗುಣವೇ ಅಲ್ಲ. ರಿಚ್‌ಲ್ಯಾಂಡಿನ ಹೆಂಗಸರ ಹಾಸ್ಟೆಲಿನಲ್ಲಿ ನನಗೂ ಅವಳಿಗೂ ಒಂದೇ ಕೋಣೆ. ಓರಿನ್ ಕೊಟ್ಟ ಉಂಗುರ ಹಾಕಿಕೊಂಡು ನಾನು ಕುಣಿಯುತ್ತ ಒಳಗೆ ಬಂದ ಭಾನುವಾರ ಸಂಜೆ ಅವಳು ಕೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತ ಕೂತಿದ್ದಳು. ನನ್ನ ಕೈಯನ್ನು ದರದರ ಎಳೆದು ದೀಪದ ಕೆಳಗೆ ಹಿಡಿದಳು, ಉಂಗುರವನ್ನು ಉಗುರಿನಿಂದ ಕೆರೆದಳು, ಮೂಸಿಯೂ ನೋಡಿದಳು.

“ಎಲ್ಲಿ ತಗೊಂಡನಂತೆ ನಿನ್ನ ರಾಜಕುಮಾರ?”

“ಪಾಸ್ಕೋದಲ್ಲಿ. ರೈಲ್ವೆ ಸ್ಟೇಷನ್ ಎದುರಿಗೆ ಒಂದು ಅಂಗಡಿ ಇದೆಯಲ್ಲ, ಅಲ್ಲಿ.”

“ಅಯ್ಯೋ ದೇವರೇ! ಅದೇ ಅಂಗಡಿ ಕಣೇ!” ಎಂದವಳೇ ಮೇಜಿನ ಡ್ರಾಯರು ಎಳೆದು, ಕಾಲುಚೀಲಗಳ ಅಡಿಯಿಂದ ತನ್ನದೊಂದು ಉಂಗುರ ತೆಗೆದು ನನ್ನ ಮುಂದೆ ಕುಕ್ಕಿದಳು. ಅವಳಿಗೂ ಹಿಂದೊಬ್ಬ ಗಂಡು ನಿಶ್ಚಯವಾಗಿತ್ತು, ಅವನು ಕೊಟ್ಟದ್ದು ಇದು. “ವಾರ ಕಳೀಲಿಲ್ಲ, ಬೆರಳು ಹಸಿರಾಯ್ತು. ಇನ್ನೊಂದು ವಾರಕ್ಕೆ ಅವನೂ ನಾಪತ್ತೆ. ಹಿತ್ತಾಳೆ ಕೊಡೋ ಗಂಡಸರೆಲ್ಲ ಒಂದೇ ಕಣೇ ವರ್ನಾ.”

ನಾನು ಉಂಗುರದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಏಕೆಂದರೆ ನಾನೂ ಒಮ್ಮೆ ಟೋಪಿ ಹಾಕಿಸಿಕೊಂಡವಳು. ನಮ್ಮೂರು ಮೈನಾಟ್‌ನಲ್ಲಿದ್ದಾಗ ಒಬ್ಬ ಬಂದಿದ್ದ, ನಗುಮುಖದವನು, ಹಾಡುಗಾರ. ಅವನು ಕೊಟ್ಟ ಉಂಗುರ ಗಿಲೀಟಿನದು, ಅವನ ಹೆಂಡತಿ ಫಾರ್ಗೋದಲ್ಲಿದ್ದಳು. ಎರಡೂ ಒಂದೇ ದಿನ ಗೊತ್ತಾಯಿತು. ಆಮೇಲೆ ನಮ್ಮೂರಿನ ಬೀದಿಯಲ್ಲಿ ನಡೆಯಲು ಮುಖವಿಲ್ಲದೆ, ಕೆಲಸಕ್ಕೆ ಜನ ಬೇಕಂತೆ ಎಂದು ಕೇಳಿ, ಎಲ್ಲಿಗೆ ಏತಕ್ಕೆ ಎಂದೂ ವಿಚಾರಿಸದೆ ರೈಲು ಹತ್ತಿ ಈ ಧೂಳಿನ ಊರಿಗೆ ಬಂದಿದ್ದೆ.

ಓರಿನ್ ಸ್ಟ್ರೌಡ್ ಹಾಗಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಓಕ್ಲಹೋಮಾದವನು, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಬೇಕಾದಷ್ಟು ಉದ್ದ, ನಾಲ್ಕು ಮಾತಾಡಿದರೆ ಎರಡಕ್ಕೆ ನಾಚುವವನು. ನದಿ ದಂಡೆಯಲ್ಲಿರುವ ಕಿಟಕಿಯಿಲ್ಲದ ದೊಡ್ಡ ಕಟ್ಟಡವೊಂದರಲ್ಲಿ ಅವನಿಗೆ ಪಾಳಿ ಕೆಲಸ. ಅಲ್ಲಿ ಏನು ಮಾಡುತ್ತೀ ಎಂದು ನಾನು ಕೇಳಿದವಳಲ್ಲ, ನನ್ನ ಕೆಲಸವನ್ನು ಅವನೂ ಕೇಳಿದವನಲ್ಲ. ಕೇಳುವಂತಿರಲಿಲ್ಲ. ಬಸ್ಸಿನಲ್ಲಿ, ಊಟದ ಹಾಲಿನಲ್ಲಿ, ಕಡೆಗೆ ಬಚ್ಚಲಿನ ಗೋಡೆಯ ಮೇಲೂ ‘ಬಾಯಿ ಬಿಡಬೇಡಿ’ ಎಂಬ ಬೋರ್ಡು. ನಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳು ಅಮ್ಮನಿಗೆ ಫೋನಿನಲ್ಲಿ “ಇಲ್ಲಿಯ ಇಟ್ಟಿಗೆ ಕಪ್ಪಗಿರುತ್ತೆ” ಎಂದಳೆಂದು ಮರುದಿನವೇ ಅವಳನ್ನು ಪೆಟ್ಟಿಗೆ ಸಮೇತ ಬಸ್ಸು ಹತ್ತಿಸಿದ್ದರು.

ಆ ಕಪ್ಪು ಇಟ್ಟಿಗೆಗಳ ನಡುವೆಯೇ ನನ್ನ ಮತ್ತು ಗ್ಲೆನ್ನಾಳ ಕೆಲಸ. ಈಗ ಹೇಳಬಹುದು, ಯುದ್ಧ ಮುಗಿದು ಎಷ್ಟೋ ಕಾಲವಾಯಿತು. ಗ್ರಾಫೈಟಿನ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮನೆಯೆತ್ತರ ಮಾಡಿದ್ದರು. ನಾವು ಅದನ್ನು ರಾಶಿ ಎನ್ನುತ್ತಿದ್ದೆವು. ರಾಶಿಯ ಹೊಟ್ಟೆಯೊಳಗೆ ಸಾಲುಸಾಲಾಗಿ ಯುರೇನಿಯಂ ತುಂಡುಗಳು, ಒಂದೊಂದೂ ಗೇಣುದ್ದ, ಮೈಗೆ ಅಲ್ಯೂಮಿನಿಯಂ ಅಂಗಿ. ಯುರೇನಿಯಂ ಎಂಬ ಹೆಸರನ್ನು ನಾವು ಆಗ ಕೇಳಿಯೇ ಇರಲಿಲ್ಲ. ನಮಗೆ ಅದು ‘ಲೋಹ’, ಅಷ್ಟೇ. ನದಿ ದಂಡೆಯ ದೊಡ್ಡ ರಿಯಾಕ್ಟರುಗಳಿಗೆ ಹೋಗುವ ಲೋಹವಿರಲಿ, ಗ್ರಾಫೈಟ್ ಇರಲಿ, ಪ್ರತಿಯೊಂದು ಲಾಟಿನಿಂದಲೂ ಒಂದಿಷ್ಟು ಮೊದಲು ನಮ್ಮ ಚಿಕ್ಕ ರಾಶಿಯ ಬಾಯಿಗೆ ಬರಬೇಕು. ಉದ್ದನೆಯ ಡ್ರಾಯರಿನಲ್ಲಿ ಇಟ್ಟು ಒಳಗೆ ತಳ್ಳುತ್ತಿದ್ದೆವು. ರಾಶಿಯೊಳಗೆ ಏನೋ ಓಡಾಡುತ್ತದೆ, ಕೆಟ್ಟ ಮಾಲು ಅದನ್ನು ಕುಡಿದುಬಿಡುತ್ತದೆ, ಕುಡಿದರೆ ಮೀಟರಿನ ಮುಳ್ಳು ಬೀಳುತ್ತದೆ. ನಮಗೆ ತಿಳಿದಿದ್ದ ವಿಜ್ಞಾನ ಇಷ್ಟೇ. ಮುಳ್ಳು ಬೀಳಿಸಿದ ಲಾಟಿಗೆ ನಾವು ಇಟ್ಟ ಹೆಸರು ‘ಕುಡುಕ’. “ಸಾರ್, ಇದು ಕುಡುಕ ಸಾರ್!” ಎಂದು ನಾನು ಕೂಗಿದರೆ ಆ ಲಾಟು ವಾಪಸ್ಸು.

ನಮ್ಮ ರಾಶಿ ಒಪ್ಪಿ ಕಳಿಸಿದ ಲೋಹ ಕೊನೆಗೆ ಏನಾಯಿತು ಎಂಬುದು ನಲವತ್ತೈದನೇ ಇಸವಿಯ ಆಗಸ್ಟ್ ತಿಂಗಳ ಪೇಪರಿನಲ್ಲಿ ಬಂತು. ಓದಿದ ಮೇಲೆ ನನಗೆ ಬಹಳ ದಿನ ನಗುವುದಕ್ಕೆ ಆಗಲಿಲ್ಲ, ಅನ್ನ ಸೇರಲಿಲ್ಲ. ಈಗಲೂ ಬಾಂಬು ಬಿದ್ದ ಆ ಊರಿನ ಹೆಸರು ಕೇಳಿದರೆ ರೇಡಿಯೋ ಆರಿಸಿಬಿಡುತ್ತೇನೆ. ಈ ಕಥೆ ಅದಕ್ಕೆ ಹಿಂದಿನ ಏಪ್ರಿಲ್ ತಿಂಗಳಿನದು. ಆಗ ನಾವು ಏನೂ ಅರಿಯದೆ ನಗುತ್ತಿದ್ದೆವು.

ರಾಶಿಯ ಯಜಮಾನ ವೆಂಡೆಲ್ ಆಶ್‌ಕೂಮ್ ಸಾಹೇಬರು. ಶಿಕಾಗೋದಿಂದ ಬಂದ ವಿಜ್ಞಾನಿ. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಕೋಟಿನ ಗುಂಡಿ ಯಾವತ್ತೂ ಮೇಲೆ ಕೆಳಗೆ. ಅವರಿಗೆ ಆ ರಾಶಿಯೆಂದರೆ ಪ್ರಾಣ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದಕ್ಕೆ ಸಿಕ್ಕಿದ್ದನ್ನೆಲ್ಲ ತಿನ್ನಿಸಿ ನೋಡುವುದು ಅವರೇ ಶುರು ಮಾಡಿದ ಆಟ. ಬಾಚಣಿಗೆ, ಪೆಪ್ಪರ್‌ಮೆಂಟು, ಚಿಟಿಕೆ ಉಪ್ಪು, ಒಮ್ಮೆ ಗ್ಲೆನ್ನಾಳ ಮೌತ್ ಆರ್ಗನ್ನು. ಕುಡುಕ ಹೌದೋ ಅಲ್ಲವೋ ಎಂದು ನಾವು ಪಂಥ ಕಟ್ಟುತ್ತಿದ್ದೆವು, ಸೋತವರು ರಾತ್ರಿ ಊಟದ ಹಾಲಿನಲ್ಲಿ ತಮ್ಮ ಪಾಲಿನ ಸೇಬಿನ ಪೈ ಗೆದ್ದವರಿಗೆ ಬಿಟ್ಟುಕೊಡಬೇಕು. ಸಾಹೇಬರದ್ದು ಒಂದೇ ಷರತ್ತು. ರಾಶಿಯೊಳಗೆ ಹೋಗಿಬಂದ ವಸ್ತು ಸ್ವಲ್ಪ ಹೊತ್ತು ಬಿಸಿಯೇರಿರುತ್ತದೆ, ಕೈಗೆ ಗೊತ್ತಾಗುವ ಬಿಸಿಯಲ್ಲ, ವಿಕಿರಣ ಎಣಿಸುವ ಕೌಂಟರ್ ಹಿಡಿದರೆ ಟಿಕ್ಕುಟಿಕ್ಕು ಎನ್ನುವ ಬಿಸಿ. ಅದು ಸುಮ್ಮನಾಗುವವರೆಗೆ ತವರದ ಡಬ್ಬಿಯಲ್ಲಿರಬೇಕು, ಯಾರೂ ಮುಟ್ಟಬಾರದು. ಸಾಮಾನ್ಯವಾಗಿ ಮಾರನೆಯ ದಿನಕ್ಕೆಲ್ಲ ಸುಮ್ಮನಾಗುತ್ತಿತ್ತು.

ಮದುವೆ ಶನಿವಾರಕ್ಕೆ ನಿಗದಿಯಾಗಿತ್ತು. ಬುಧವಾರ ಮಧ್ಯಾಹ್ನ ನಾನು ಉಂಗುರ ಕಳಚಿ ಸಾಹೇಬರ ಮುಂದೆ ಹಿಡಿದೆ.

“ಸಾರ್, ಇದು ಚಿನ್ನಾನೋ ಹಿತ್ತಾಳೇನೋ, ನಿಮ್ಮ ರಾಶಿ ಹೇಳತ್ತಾ?”

ಸಾಹೇಬರ ಕಣ್ಣು ಅಗಲವಾಯಿತು. “ಹೇಳತ್ತಾ ಅಂತ ಕೇಳ್ತೀಯಲ್ಲಮ್ಮ! ಚಿನ್ನ ಮಹಾ ಕುಡುಕ. ಹಿತ್ತಾಳೆ ಪಾಪ, ಒಂದು ಗುಟುಕು ಕುಡಿದು ಸುಮ್ಮನಾಗತ್ತೆ. ತಾ, ತಾ, ತಾ!”

“ನಂದು ಎರಡು ಪೈ, ಹಿತ್ತಾಳೆ ಮೇಲೆ,” ಎಂದಳು ಗ್ಲೆನ್ನಾ.

“ನಿನ್ನ ಬಾಯಿಗೆ ಮಣ್ಣು ಹಾಕ!” ಎಂದೆ ನಾನು. “ನಂದು ವಾರದ ಪೈಯೆಲ್ಲ, ಚಿನ್ನದ ಮೇಲೆ.”

ಮಾತು ದೊಡ್ಡದಾಗಿ ಆಡಿಬಿಟ್ಟೆ, ಆದರೆ ಉಂಗುರವನ್ನು ಸಾಹೇಬರ ಕೈಗೆ ಬಿಡಲು ಮನಸ್ಸಾಗಲಿಲ್ಲ. ಹಿತ್ತಾಳೆಯಾದರೆ? ಅವನಿಗೂ ಎಲ್ಲೋ ಒಂದು ಫಾರ್ಗೋ ಇದ್ದರೆ? ಇನ್ನೊಮ್ಮೆ ರೈಲು ಹತ್ತುವ ಶಕ್ತಿ ನನ್ನಲ್ಲಿರಲಿಲ್ಲ.

ಮೊದಲು ಉಂಗುರದಷ್ಟೇ ತೂಕದ ಹಿತ್ತಾಳೆ ವಾಷರೊಂದನ್ನು ಡ್ರಾಯರಿನಲ್ಲಿಟ್ಟು ಒಳಗೆ ತಳ್ಳಿದೆವು. ನಾನು ಮೀಟರಿನ ಮುಂದೆ, ಗ್ಲೆನ್ನಾ ಡ್ರಾಯರಿನ ಹಿಡಿಯಲ್ಲಿ, ಸಾಹೇಬರು ರಾಶಿಯನ್ನು ಹದದಲ್ಲಿಡುವ ಸರಳನ್ನು ಒಳಗೆ ಹೊರಗೆ ಮಾಡುವ ಚಕ್ರದ ಹತ್ತಿರ. ಮುಳ್ಳು ಒಂದು ಕೂದಲೆಳೆ ಸರಿಯಿತು, ನಿಂತಿತು. ವಾಷರು ಹೊರಕ್ಕೆ, ಉಂಗುರ ಒಳಕ್ಕೆ. ನಾನು ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಮುಳ್ಳನ್ನು ನೋಡುತ್ತಿದ್ದೆ.

ಮುಳ್ಳು ಬಿತ್ತು. ಬಿತ್ತೆಂದರೆ ಜಾರುಬಂಡೆಯ ಮೇಲಿಂದ ಜಾರಿದ ಹಾಗೆ ಬಿತ್ತು. ಸಾಹೇಬರು ಚಕ್ರ ತಿರುಗಿಸಿದರು, ಇನ್ನೂ ತಿರುಗಿಸಿದರು, ಮುಳ್ಳು ಮೇಲೇಳುವ ಮನಸ್ಸೇ ಮಾಡಲಿಲ್ಲ.

“ಕುಡುಕ!” ಎಂದು ಕಿರುಚಿದೆ. “ಸಾರ್, ಕುಡುಕ ಸಾರ್! ನನ್ನ ಉಂಗುರ ಪಕ್ಕಾ ಕುಡುಕ ಸಾರ್!”

“ಅಪ್ಪಟ ಚಿನ್ನ!” ಸಾಹೇಬರು ಚಕ್ರ ಬಿಟ್ಟು ಕೈ ತಟ್ಟಿದರು. “ಎಂಥಾ ಚಂದ ಬಿತ್ತು ನೋಡಿದ್ಯಾ! ಇರು, ಇನ್ನೊಂದು ಸಲ ನೋಡೋಣ!” ಇನ್ನೊಂದು ಸಲವಲ್ಲ, ಬಿಡುವು ಮುಗಿಯುವವರೆಗೂ ಉಂಗುರವನ್ನು ಒಳಗೇ ಬಿಟ್ಟು ಮತ್ತೆ ಮತ್ತೆ ನೋಡಿದರು. ನಾನು ಗ್ಲೆನ್ನಾಳ ಸೊಂಟ ಹಿಡಿದು ರಾಶಿಯ ಮುಂದೆ ಗಿರಗಿರನೆ ಸುತ್ತಿದೆ. ಸೋತವಳು ಅವಳು, ನಗುತ್ತಿದ್ದವಳೂ ಅವಳೇ. “ಹೋಗ್ಲಿ ಬಿಡೇ, ನಮ್ಮಿಬ್ಬರಲ್ಲಿ ಒಬ್ಬಳಿಗಾದ್ರೂ ಚಿನ್ನದಂಥವನು ಸಿಕ್ಕಿದ,” ಎಂದು ನನ್ನ ಕೆನ್ನೆ ಹಿಂಡಿದಳು. ಉಂಗುರವನ್ನೂ ವಾಷರನ್ನೂ ಇಕ್ಕಳದಲ್ಲಿ ಹಿಡಿದು ತವರದ ಡಬ್ಬಿಗೆ ಹಾಕಿದೆವು. ನಾಳೆ ತೆಗೆದುಕೊಂಡರಾಯಿತು, ಶನಿವಾರಕ್ಕೆ ಇನ್ನೂ ಬೇಕಾದಷ್ಟು ಸಮಯವಿದೆ ಎಂದುಕೊಂಡು ನಾನು ಸಂಜೆ ಗಾಳಿಯಲ್ಲಿ ತೇಲುತ್ತ ಹಾಸ್ಟೆಲಿಗೆ ಬಂದೆ.

ಗುರುವಾರ ಬೆಳಿಗ್ಗೆ ಬಂದವಳೇ ಡಬ್ಬಿಗೆ ಕೌಂಟರ್ ಹಿಡಿದೆ. ಅದು ಟಿಕ್ಕುಟಿಕ್ಕು ಎನ್ನಲಿಲ್ಲ. ಬಾಣಲೆಯಲ್ಲಿ ಜೋಳ ಸಿಡಿದಂತೆ ಪಟಪಟಪಟ ಎಂದಿತು. ವಾಷರನ್ನು ಆಚೆ ತೆಗೆದು ಮತ್ತೆ ಹಿಡಿದೆ. ಸದ್ದು ಒಂಚೂರೂ ಕಡಿಮೆಯಾಗಲಿಲ್ಲ.

“ಸಾರ್, ಇದೇನು ಸಾರ್ ಇನ್ನೂ ಕೂಗ್ತಿದೆ?”

ಸಾಹೇಬರು ಬಂದರು, ಕೇಳಿಸಿಕೊಂಡರು, ಮುಖ ಬಿಳಿಚಿಕೊಂಡಿತು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತರು. “ಅಯ್ಯಯ್ಯೋ. ಚಿನ್ನ. ಚಿನ್ನ ಬೇಗ ಮರೆಯಲ್ಲ. ನಂಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ಖುಷೀಲಿ ತಲೆಗೇ ಬರ್ಲಿಲ್ಲ.”

“ಬೇಗ ಮರೆಯಲ್ಲ ಅಂದ್ರೆ? ಶನಿವಾರಕ್ಕೆ?”

“ಶನಿವಾರ ಅಲ್ಲಮ್ಮ. ಮೂರು ವಾರ. ನಾಲ್ಕು ಆದ್ರೂ ಆಗಬಹುದು.”

ನಾನು ಯಾರ ಮೇಲೂ ಅಷ್ಟು ಕೂಗಿದವಳಲ್ಲ. “ಮೂರು ವಾರಾನಾ! ನಾಡಿದ್ದು ಹನ್ನೊಂದು ಗಂಟೆಗೆ ನನ್ನ ಮದುವೆ! ಅಷ್ಟೊಂದು ಓದಿದ್ದೀರಿ, ಇಷ್ಟು ನೆನಪಿಟ್ಟುಕೊಳ್ಳೋಕೆ ಆಗ್ಲಿಲ್ವಾ ನಿಮಗೆ? ಕೊಡಿ ಇಲ್ಲಿ, ನಾನು ಹಾಗೇ ಹಾಕ್ಕೊಂಡು ಹೋಗ್ತೀನಿ!”

“ಹಾಕ್ಕೋಬಾರದು. ಬೆರಳಿಗೆ ಒಳ್ಳೇದಲ್ಲ. ಅಲ್ದೆ ಗೇಟಿನಲ್ಲಿ ಕೈ ಇಡೋ ಯಂತ್ರ ಇದೆ, ಗಂಟೆ ಬಾರಿಸಿಬಿಡತ್ತೆ. ನಿನ್ನನ್ನೂ ನನ್ನನ್ನೂ ಒಟ್ಟಿಗೇ ಬಸ್ಸು ಹತ್ತಿಸ್ತಾರೆ.” ಆಮೇಲೆ ಮೆಲ್ಲಗೆ ಕೇಳಿದರು: “ಮದುವೆ ಸ್ವಲ್ಪ ಮುಂದಕ್ಕೆ ಹಾಕಿದ್ರೆ?”

ನಾನು ನೋಡಿದ ನೋಟಕ್ಕೆ ಅವರು ಸ್ಟೂಲಿನಿಂದ ಎದ್ದು ರಾಶಿಯ ಹಿಂದಕ್ಕೆ ಹೋದರು. ಉಂಗುರ ಸೀಸದ ದಪ್ಪ ಕುಡಿಕೆಗೆ ಸೇರಿತು.

ಇನ್ನು ಓರಿನ್‌ಗೆ ಏನು ಹೇಳಲಿ? ಉಂಗುರ ಎಲ್ಲಿ ಎಂದರೆ ಏರಿಯಾದಲ್ಲಿ, ಅಂದರೆ ಬೇಲಿಯೊಳಗಿನ ನಮ್ಮ ಕೆಲಸದ ಜಾಗದಲ್ಲಿ ಎನ್ನಬೇಕು. ಏಕೆ ಎಂದರೆ ರಾಶಿಯ ಸುದ್ದಿ ಬರುತ್ತದೆ. ‘ಕೆಲಸದ ವಿಷಯ’ ಎಂದು ಕೂಡ ಹೇಳುವಂತಿರಲಿಲ್ಲ. ಯಾವ ಕೆಲಸಕ್ಕೆ ಚಿನ್ನ ಬೇಕು ಎಂಬ ಪ್ರಶ್ನೆಯಿಂದಲೇ ಬೇರೆಯವರು ನೂರು ಸಂಗತಿ ಊಹಿಸಬಹುದೆಂದು ನಮಗೆ ಮೊದಲ ದಿನವೇ ತಲೆಗೆ ತುಂಬಿದ್ದರು. ಆ ಸಂಜೆ ಊಟದ ಹಾಲಿಗೆ ಗ್ಲೆನ್ನಾಳ ಉಣ್ಣೆಯ ಕೈಗವಸು ಹಾಕಿಕೊಂಡು ಹೋದೆ.

“ಚಳೀನಾ?” ಎಂದ ಓರಿನ್. ಹಾಲಿನಲ್ಲಿ ಗಂಡಸರೆಲ್ಲ ಸೆಕೆಗೆ ಅಂಗಿ ತೋಳು ಮಡಚಿ ಕೂತಿದ್ದರು.

“ಹೂಂ. ಕೈಗೆ ಮಾತ್ರ.”

ಪುಣ್ಯಕ್ಕೆ ಅವನ ಗಮನ ತನ್ನ ಕಾಲಿನ ಮೇಲಿತ್ತು. ರೇಷನ್ ಕೂಪನ್ ಕೂಡಿಟ್ಟು ಮದುವೆಗೆಂದು ಕಂದುಬಣ್ಣದ ಹೊಸ ಶೂ ಕೊಂಡಿದ್ದ. ಕಾಲನ್ನು ಬೆಂಚಿನ ಮೇಲೆ ಎತ್ತಿ ಇಟ್ಟು ತೋರಿಸಿದ, ಮುಖ ಕಾಣುವಷ್ಟು ಮಿರಿಮಿರಿ ಮಿಂಚುತ್ತಿತ್ತು. ಕೈಗವಸಿನಲ್ಲಿ ಫೋರ್ಕು ನಿಲ್ಲದೆ ನಾನು ಕಲಸಿದ ಆಲೂಗಡ್ಡೆಯನ್ನೆಲ್ಲ ಮಡಿಲಿಗೆ ಸುರಿದುಕೊಂಡೆ. ಅವನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ನಗುವಿನ ಮಧ್ಯೆ ಅಳು ಬರುತ್ತಿತ್ತು.

ಶುಕ್ರವಾರ ತಪ್ಪಿಸಿಕೊಳ್ಳಲಾಗಲಿಲ್ಲ. ರಾತ್ರಿ ಪಾಳಿಗೆ ಹೊರಡುವ ಮುಂಚೆ, ಸಂಜೆ ಬಿಸಿಲಿರುವಾಗಲೇ ಹಾಸ್ಟೆಲಿನ ಮೆಟ್ಟಿಲ ಹತ್ತಿರ ಬಂದ. ನನ್ನ ಕೈ ಹಿಡಿದುಕೊಳ್ಳಬೇಕೆಂದು ಅವನೇ ಕೈಗವಸು ಎಳೆದ. ಬರಿ ಬೆರಳು ಹೊರಬಂತು.

ಅವನು ಆ ಬೆರಳನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಕಳ್ಕೊಂಡ್ಯಾ?”

“ಇಲ್ಲ.”

“ಅಂಗಡಿಗೆ ವಾಪಸ್ ಕೊಟ್ಯಾ?”

“ಛೇ ಛೇ, ಇಲ್ಲಪ್ಪ!”

“ಮತ್ತೆಲ್ಲಿ?”

“ಹೇಳೋಕಾಗಲ್ಲ ಓರಿನ್.”

“ಯಾರಿಗಾದ್ರೂ ತೋರಿಸಿದ್ಯಾ ಅದನ್ನ?”

ಈ ಪ್ರಶ್ನೆಗೆ ನನ್ನ ಮುಖ ಟೊಮೇಟೊ ಹಣ್ಣಿನಂತೆ ಕೆಂಪಗಾಗಿರಬೇಕು. “ಹೇಳೋಕಾಗಲ್ಲ,” ಎಂದೆ ಮತ್ತೆ. ನನ್ನ ನಾಲಿಗೆ ನನಗೇ ಶತ್ರುವಾಗಿತ್ತು.

ಅವನ ಮುಖ ಸಪ್ಪಗಾಯಿತು. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು, ಕೂಗಾಡಿ ಮುಗಿಸಬಹುದಿತ್ತು. ಅವನು ಕೈಗವಸನ್ನು ಮಡಚಿ ನನ್ನ ಕೈಯಲ್ಲಿಟ್ಟ. “ಸರಿ ಬಿಡು. ನಂಗೆ ಅರ್ಥವಾಯ್ತು,” ಎಂದ.

“ಏನು ಅರ್ಥವಾಯ್ತು? ಏನೂ ಅರ್ಥವಾಗಿಲ್ಲ ನಿಂಗೆ! ನಾಳೆ ಬರ್ತೀಯ ತಾನೆ?”

ಪಾಳಿಯ ಬಸ್ಸಿಗೆ ಸಿದ್ಧವಾಗಲು ಅವನು ಹಳೆಯ ಚಪ್ಪಲಿಯಲ್ಲೇ ತನ್ನ ಕೋಣೆಯ ಕಡೆ ಓಡಿದ. ನಾನು ಮೆಟ್ಟಿಲ ಮೇಲೆಯೇ ಕುಸಿದು ಗೊಳೋ ಎಂದು ಅತ್ತೆ. ಉಂಗುರ ಚಿನ್ನದ್ದೋ ಅಲ್ಲವೋ ಎಂದು ತಿಳಿಯಲು ಹೋಗಿ ಚಿನ್ನದಂಥ ಮನುಷ್ಯನನ್ನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಅತ್ತೆ.

ಶನಿವಾರ ಬೆಳಿಗ್ಗೆ ಗಾಳಿ ಎದ್ದಿತು. ನಮ್ಮ ಊರಿನ ಗಾಳಿ ಸಾಮಾನ್ಯದ್ದಲ್ಲ, ಮರಳನ್ನೂ ಮುಳ್ಳುಗಿಡಗಳನ್ನೂ ಹೊತ್ತುಕೊಂಡು ಬೀದಿಯಲ್ಲಿ ಓಡಾಡುತ್ತದೆ. ನನ್ನ ಬಿಳಿ ಗೌನು ಚರ್ಚು ಮುಟ್ಟುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು, ಹಲ್ಲು ಕಚ್ಚಿದರೆ ಕರಕರ ಎನ್ನುತ್ತಿತ್ತು. ಗ್ಲೆನ್ನಾ ಒಂದು ಕೈಯಲ್ಲಿ ನನ್ನ ಮುಸುಕು, ಇನ್ನೊಂದರಲ್ಲಿ ನನ್ನನ್ನು ಹಿಡಿದುಕೊಂಡಿದ್ದಳು.

“ಅಲ್ವೇ, ಗಂಡೇ ಬರ್ತಾನೋ ಇಲ್ವೋ ಗೊತ್ತಿಲ್ಲ, ಬಂದ್ರೆ ಪಾದ್ರಿಗಳ ಮುಂದೆ ಬೆರಳಿಗೆ ಏನು ಹಾಕ್ಕೋತೀಯ?” ಎಂದವಳೇ ತನ್ನ ಕೈಚೀಲದಿಂದ ಆ ಹಳೆಯ ಉಂಗುರ ತೆಗೆದಳು. “ತಗೋ. ಹಿತ್ತಾಳೆ ಅಂತ ಗ್ಯಾರಂಟಿ ಇದೆ.”

ನನಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ಕಣ್ಣಲ್ಲೇ ನಗುತ್ತ ಅದನ್ನು ತೆಗೆದುಕೊಂಡೆ.

ಚರ್ಚಿನಲ್ಲಿ ಒಂದಷ್ಟು ಜನ ಸೇರಿದ್ದರು. ಕೊನೆಯ ಸಾಲಿನಲ್ಲಿ ಆಶ್‌ಕೂಮ್ ಸಾಹೇಬರು ಕೊಲೆ ಮಾಡಿ ಬಂದವರಂತೆ ಮುದುರಿ ಕೂತಿದ್ದರು, ಅವತ್ತು ಮಾತ್ರ ಗುಂಡಿಗಳೆಲ್ಲ ಸರಿಯಾಗಿದ್ದವು. ಹನ್ನೊಂದು ಹೊಡೆಯಿತು. ಓರಿನ್ ಇಲ್ಲ. ಪಿಯಾನೋ ನುಡಿಸುವಾಕೆ ಗೊತ್ತಿದ್ದ ಹಾಡೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹಾಸ್ಕಿನ್ಸ್ ಪಾದ್ರಿಗಳು ಗಡಿಯಾರ ನೋಡಿ, ನನ್ನನ್ನು ನೋಡಿ, ಕೆಮ್ಮಿದರು. ಹಿಂದಿನಿಂದ ಯಾರೋ ಪಿಸುಗುಟ್ಟಿದರು: “ಕೈಕೊಟ್ಟ ಅಂತ ಕಾಣತ್ತೆ.” ಫಾರ್ಗೋ, ಫಾರ್ಗೋ ಎಂದು ನನ್ನ ತಲೆಯೊಳಗೆ ಯಾರೋ ತಮಟೆ ಬಡಿಯುತ್ತಿದ್ದರು.

ಆಗ ಬಾಗಿಲು ದಢಾರೆಂದು ತೆರೆಯಿತು. ಮೊದಲು ಒಂದು ಮೊರದಷ್ಟು ಧೂಳು ಒಳಗೆ ಬಂತು, ಅದರ ಹಿಂದೆ ಓರಿನ್. ಒಳ್ಳೆಯ ನೀಲಿ ಸೂಟು, ಟೈ, ಕೂದಲಿಗೆ ಎಣ್ಣೆ. ಕಾಲಿಗೆ ಮೊಣಕಾಲಿನವರೆಗೆ ಬರುವ ಕಪ್ಪು ರಬ್ಬರ್ ಬೂಟು. ಒಂದು ಎಡಗಾಲಿನದು, ಇನ್ನೊಂದೂ ಎಡಗಾಲಿನದೇ.

ಪಚಕ್, ಪಚಕ್ ಎಂದು ಸದ್ದು ಮಾಡುತ್ತ, ಪ್ರತಿ ಹೆಜ್ಜೆಗೂ ಎಡಕ್ಕೇ ವಾಲುತ್ತ ಅವನು ಸಾಲುಗಳ ನಡುವೆ ನಡೆದು ಬಂದ. ಪಿಯಾನೋ ನಿಂತಿತು. ಮುಂದೆ ಬಂದು ನಿಂತು ಏದುಸಿರು ಬಿಟ್ಟ.

“ತಡ ಆಯ್ತು. ಕ್ಷಮಿಸಿಬಿಡು.”

“ಓರಿನ್,” ಎಂದೆ, “ಹೊಸ ಶೂ ಎಲ್ಲೋ?”

ಅವನು ಬಾಯಿ ತೆರೆದ. ಮುಚ್ಚಿದ. ಪಾದ್ರಿಗಳ ಕಡೆ ನೋಡಿದ, ಚಾವಣಿಯ ಕಡೆ ನೋಡಿದ. ಕಿವಿಯವರೆಗೆ ಕೆಂಪಗಾದ.

“ಹೇಳೋಕಾಗಲ್ಲ,” ಎಂದ.

ನಾನು ಬೂಟು ನೋಡಿದೆ. ಅವನು ನನ್ನ ಬರಿ ಬೆರಳು ನೋಡಿದ. ನಮ್ಮ ಏರಿಯಾದ ಗೇಟಿನಲ್ಲಿ ಕೈ ಇಡುವ ಯಂತ್ರವಿದ್ದ ಹಾಗೆ ಅವನ ಏರಿಯಾದ ಗೇಟಿನಲ್ಲಿ ಕಾಲಿಡುವ ಯಂತ್ರ ಇಲ್ಲದಿರುತ್ತದೆಯೇ? ಗಂಟೆ ಬಾರಿಸಿದೆ, ಶೂ ಕಿತ್ತಿಟ್ಟುಕೊಂಡಿದ್ದಾರೆ, ಸಿಕ್ಕಿದ ಬೂಟು ಕೊಟ್ಟು ಓಡಿಸಿದ್ದಾರೆ! ಅವನ ಕಣ್ಣಿನಲ್ಲೂ ಅದೇ ಕ್ಷಣ ಏನೋ ಹೊಳೆಯಿತು. ಅವನ ದವಡೆ ಕೆಳಗಿಳಿಯಿತು.

“ಓಹೋ!” ಎಂದ ನನ್ನ ಬೆರಳಿಗೆ.

“ಓಹೋ!” ಎಂದೆ ಅವನ ಬೂಟಿಗೆ.

ಇಬ್ಬರಿಗೂ ಒಟ್ಟಿಗೇ ನಗು ಸಿಡಿಯಿತು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಒರಗಿಕೊಂಡು, ಮೂಗಲ್ಲಿ ಬಾಯಲ್ಲಿ ನಗು. ಅದರ ನಡುವೆಯೇ ಇನ್ನೊಂದು ನನಗೆ ಹೊಳೆಯಿತು. ರಾತ್ರಿ ಪಾಳಿಗೇ ಹೊಸ ಶೂ ಹಾಕಿಕೊಂಡು ಹೋಗಿದ್ದಾನೆ ಎಂದರೆ, ಬೆಳಿಗ್ಗೆ ಅಲ್ಲಿಂದ ನೇರ ಚರ್ಚಿಗೆ ಬರುವುದೆಂದು ಶುಕ್ರವಾರ ಸಂಜೆಯೇ ತೀರ್ಮಾನಿಸಿದ್ದಾನೆ. ನನ್ನ ಬರಿ ಬೆರಳು ನೋಡಿದ ಮೇಲೂ, ನಾನು ಏನೊಂದೂ ಹೇಳದಿದ್ದರೂ. ಅದು ಹೊಳೆದು ನನಗೆ ಅಳು ಬಂತು, ನಗು ಮಾತ್ರ ನಿಲ್ಲಲಿಲ್ಲ.

“ಏನಾಗಿದೆ ನಿಮ್ಮಿಬ್ಬರಿಗೂ?” ಹಾಸ್ಕಿನ್ಸ್ ಪಾದ್ರಿಗಳು ಗದರಿದರು. “ಇದು ದೇವರ ಮನೆ! ಏನದು ತಮಾಷೆ, ನನಗೂ ಹೇಳಿ.”

“ಹೇಳೋಕಾಗಲ್ಲ ಫಾದರ್!” ಎಂದೆವು ಇಬ್ಬರೂ. ಚರ್ಚಿನಲ್ಲಿದ್ದವರೆಲ್ಲ ಯಾವುದಾದರೊಂದು ಏರಿಯಾದವರೇ. ಮೊದಲು ಗ್ಲೆನ್ನಾ ಕಿಸಕ್ಕೆಂದಳು, ಆಮೇಲೆ ಪಿಯಾನೋದಾಕೆ, ಆಮೇಲೆ ಇಡೀ ಸಾಲುಗಳು. ಆಶ್‌ಕೂಮ್ ಸಾಹೇಬರು ಕರವಸ್ತ್ರದೊಳಗೆ ಮುಖ ಹುದುಗಿಸಿ ಗುಡುಗುಡು ಅಲುಗಾಡುತ್ತಿದ್ದರು.

ಪ್ರತಿಜ್ಞೆ ಹೇಳಲು ನಾವು ಪಟ್ಟ ಪಾಡು ಯಾರಿಗೂ ಬೇಡ. ಸುಖದಲ್ಲಿಯೂ ದುಃಖದಲ್ಲಿಯೂ ಎನ್ನುವಾಗ ಅವನು ಕಾಲು ಬದಲಿಸಿದ, ಬೂಟು ಪಚಕ್ ಎಂದಿತು, ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಹಿತ್ತಾಳೆ ಉಂಗುರವನ್ನು ಅವನು ತಿರುಗಿಸಿ ಒಮ್ಮೆ ನೋಡಿದ, ಏನೂ ಕೇಳಲಿಲ್ಲ, ನನ್ನ ಬೆರಳಿಗೆ ತೊಡಿಸಿದ.

ಮದುವೆಯಾದವರಿಗೆಂದು ಸರ್ಕಾರ ಕೊಡುವ ಚಿಕ್ಕ ಮನೆ ಸಿಕ್ಕಿತು. ನನ್ನ ಬೆರಳು ಹಸಿರಾಯಿತು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಸಾಹೇಬರು ಸೀಸದ ಕುಡಿಕೆ ತೆರೆದು ಕೌಂಟರ್ ಹಿಡಿದರು. ಅದು ಗಪ್‌ಚಿಪ್. ಅವರೇ ಉಂಗುರವನ್ನು ಉಜ್ಜಿ ಉಜ್ಜಿ ಹೊಳಪಿಟ್ಟು ನನ್ನ ಅಂಗೈಯಲ್ಲಿಟ್ಟು, “ಇನ್ಮೇಲೆ ಪೆಪ್ಪರ್‌ಮೆಂಟು ಮಾತ್ರ,” ಎಂದರು.

ಸಂಜೆ ಓರಿನ್ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಕಾಲಿಗೆ ಹಳೆಯ ಚಪ್ಪಲಿ. ಕಂದು ಶೂ ವಾಪಸ್ಸು ಬರಲೇ ಇಲ್ಲ. ನಾನು ಪಕ್ಕದಲ್ಲಿ ಕೂತು ಕೈ ಚಾಚಿದೆ.

ಅವನು ಉಂಗುರವನ್ನು ಗುರುತು ಹಿಡಿದ. ಬೆರಳು ಹಿಡಿದುಕೊಂಡು ಅತ್ತಿತ್ತ ತಿರುಗಿಸಿದ. ಆಮೇಲೆ ತಲೆ ತಗ್ಗಿಸಿ, ತನ್ನ ಮೊಣಕಾಲಿಗೆ ಹೇಳುವಂತೆ ಹೇಳಿದ:

“ಅವತ್ತು ಶುಕ್ರವಾರ ನಾನು ಏನಂದ್ಕೊಂಡೆ ಗೊತ್ತಾ? ಯಾರೋ ನೋಡಿ ಇದು ಹಿತ್ತಾಳೆ ಅಂದಿದ್ದಾರೆ, ನನ್ನ ಮನಸ್ಸು ನೋಯಿಸಬಾರದು ಅಂತ ನೀನು ಸುಮ್ಮನಿದ್ದೀಯ ಅಂದ್ಕೊಂಡೆ. ಅಂಗಡಿಯವನು ಚಿನ್ನ ಅಂದಿದ್ದ ಕಣೇ. ಆದ್ರೆ ಅವನ ಮುಖ ನೋಡಿದ್ರೆ ನಂಗೇ ನಂಬಿಕೆ ಬಂದಿರಲಿಲ್ಲ. ನಿಂಗೆ ಕೊಡೋವಾಗಲೂ ಎದೆ ಡವಡವ ಅಂತಿತ್ತು. ಈಗಲೂ ಅಷ್ಟೇ, ಇದು ಏನೋ ಎಂತೋ.”

ಅಯ್ಯೋ ನನ್ನ ಬೆಪ್ಪು ರಾಜಾ! ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದನಲ್ಲ! ನಾನು ಅವನ ಗದ್ದ ಹಿಡಿದು ಮುಖ ಮೇಲೆತ್ತಿದೆ.

“ಚಿನ್ನಾನೇ ಓರಿನ್. ಅಪ್ಪಟ ಚಿನ್ನ.”

“ನೀನು ಸುಮ್ನೆ ಹೇಳ್ತೀಯ.”

“ಆಣೆ ಮಾಡ್ತೀನಿ. ಇಡೀ ದೇಶದಲ್ಲಿ ಯಾವ ಹೆಂಗಸಿನ ಉಂಗುರವನ್ನೂ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿರಲ್ಲ.”

“ಅದು ಹೇಗೆ ಗೊತ್ತಾಯ್ತು ನಿಂಗೆ?”

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಅವನ ಬಾಯಿಯ ಅಂಚು ಆಗಲೇ ಅಲುಗಾಡಲು ಶುರುವಾಗಿತ್ತು.

“ಹೇಳೋಕಾಗಲ್ಲ,” ಎಂದೆ.

ಅವನು ನಕ್ಕ ನಗುವಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.